ಆರನೇ ಸೆಮಿಸ್ಟರನ್ನು ಟ್ಯೂಬಿಂಗನ್ನಿಗೆ ಸಾಗಿಸುವ ಲೆಕ್ಕ

ಕಳೆದ ಆಗಸ್ಟ್ ತಿಂಗಳಲ್ಲಿ ನಮ್ಮ ಕಂಪ್ಯೂಟರ್ ಸೈನ್ಸ್ ವಿಭಾಗದ ನೋಟಿಸ್ ಬೋರ್ಡಿನಲ್ಲಿ ಒಂದು ಪುಟದ ಸುತ್ತೋಲೆ ಹಾಕಿದ್ದರು. ಕಾಲೇಜು ಒಪ್ಪಂದ ಮಾಡಿಕೊಂಡಿರುವ ಮೂರು ವಿದೇಶಿ ವಿಶ್ವವಿದ್ಯಾಲಯಗಳಲ್ಲಿ ಮೂರನೇ ವರ್ಷದ ವಿದ್ಯಾರ್ಥಿಗಳು ಒಂದು ಸೆಮಿಸ್ಟರ್ ಓದಬಹುದು, ಬೋಧನಾ ಶುಲ್ಕವನ್ನು ಇಲ್ಲಿ ಕಟ್ಟಿದರೆ ಅಲ್ಲಿ ಕಟ್ಟಬೇಕಾಗಿಲ್ಲ, ಆಸಕ್ತರು ಅಂಕಪಟ್ಟಿಗಳೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು ಎಂದು ಅದರಲ್ಲಿತ್ತು. ಮೊದಲ ವಾರ ಅದರ ಮುಂದೆ ಗುಂಪು ನಿಂತಿತ್ತು; ಎರಡನೆಯ ವಾರ ಅದರ ಮೇಲೆಯೇ ಇಂಟರ್ನಲ್ಸ್ (ಕಾಲೇಜಿನ ಆಂತರಿಕ ಪರೀಕ್ಷೆಗಳ) ವೇಳಾಪಟ್ಟಿ ಬಂದು ಕೂತಿತು. ಕೊನೆಗೆ ಅರ್ಜಿ ಹಾಕಿದವರು ನಾಲ್ಕೇ ಜನ. ಉಳಿದವರು ಹಿಂದೆ ಸರಿದದ್ದಕ್ಕೆ ಹಣವೇ ಕಾರಣವೆಂದು ನಾನು ಆಗ ತಿಳಿದಿದ್ದೆ. ಐದು ತಿಂಗಳ ನಂತರ, ಜರ್ಮನಿಯ ಟ್ಯೂಬಿಂಗನ್ನಿನಿಂದ ಪ್ರವೇಶಪತ್ರ ಕೈಗೆ ಬಂದು ವೀಸಾ ಅರ್ಜಿಯೂ ಸಲ್ಲಿಕೆಯಾಗಿರುವ ಈ ಜನವರಿಯಲ್ಲಿ, ಅದು ಅರ್ಧ ಕಾರಣ ಮಾತ್ರ ಎನ್ನಿಸುತ್ತಿದೆ. ಎರಡು ದೇಶಗಳ ಶೈಕ್ಷಣಿಕ ವರ್ಷಗಳನ್ನೂ ಕೋರ್ಸುಗಳ ತೂಕ ಅಳೆಯುವ ಎರಡು ಬಗೆಯ ಕ್ರೆಡಿಟ್‌ಗಳನ್ನೂ ಒಂದಕ್ಕೊಂದು ಹೊಂದಿಸುವ ಕೆಲಸ ಹೇಗಿರುತ್ತದೆಂದು ನಮಗೆ ಹೇಳಿದವರು ಯಾರೂ ಇರಲಿಲ್ಲ. ಹೇಳುವವರಿಲ್ಲದ ಕೆಲಸ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮುಂದಿನ ವರ್ಷ ಅದೇ ನೋಟಿಸ್ ಬೋರ್ಡಿನ ಮುಂದೆ ನಿಲ್ಲುವವರಿಗಾಗಿ ನಾನು ಮಾಡಿಕೊಂಡ ಲೆಕ್ಕವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ವಿಷಯ ತಿಳಿದವರೆಲ್ಲ ನನ್ನನ್ನು ಮೊದಲು ಕೇಳಿದ್ದು ಯಾವ ದೇಶಕ್ಕೆ ಹೋಗುತ್ತೀಯ ಎಂದು. ಆದರೆ ಮೊದಲು ತೀರ್ಮಾನವಾಗಬೇಕಾದದ್ದು ಯಾವ ಸೆಮಿಸ್ಟರ್ ಎಂಬುದು. ನಮ್ಮಲ್ಲಿ ಬೆಸ ಸೆಮಿಸ್ಟರ್ ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಆರಂಭವಾಗಿ ಜನವರಿಗೆ ಮುಗಿಯುತ್ತದೆ. ಸಮ ಸೆಮಿಸ್ಟರ್ ಫೆಬ್ರವರಿಯಿಂದ ಜೂನ್–ಜುಲೈವರೆಗೆ ನಡೆಯುತ್ತದೆ. ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ, ಬೇಸಿಗೆಯದು ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ. ತರಗತಿಗಳು ಮಾತ್ರ ಅಕ್ಟೋಬರ್ ನಡುವಿನಿಂದ ಫೆಬ್ರವರಿಯ ಮೊದಲ ಭಾಗದವರೆಗೆ, ಮತ್ತೆ ಏಪ್ರಿಲ್ ನಡುವಿನಿಂದ ಜುಲೈ ಕೊನೆಯವರೆಗೆ ಇರುತ್ತವೆ. ಐದನೇ ಸೆಮಿಸ್ಟರಿಗೆ ಹೋದವರಿಗೆ ಅಲ್ಲಿನ ಪರೀಕ್ಷೆಗಳು ಮುಗಿಯುವಷ್ಟರಲ್ಲಿ ಇಲ್ಲಿ ಆರನೇ ಸೆಮಿಸ್ಟರಿನ ಒಂದು ತಿಂಗಳು ಕಳೆದಿರುತ್ತದೆ; 85 ಶೇಕಡ ಹಾಜರಾತಿ ಬೇಕೆನ್ನುವ ವ್ಯವಸ್ಥೆಯಲ್ಲಿ ಆ ಒಂದು ತಿಂಗಳನ್ನು ಮರಳಿ ಸಂಪಾದಿಸುವುದು ಸುಲಭವಲ್ಲ. ಆರನೇ ಸೆಮಿಸ್ಟರಿಗೆ ಹೋಗುವವರ ಕೈಯಲ್ಲಿ ಇದಕ್ಕೆ ವಿರುದ್ಧವಾಗಿ ಫೆಬ್ರವರಿ, ಮಾರ್ಚ್ ಎರಡು ತಿಂಗಳು ಉಳಿಯುತ್ತವೆ. ಮೊದಲಿಗೆ ಇವು ವ್ಯರ್ಥ ದಿನಗಳೆಂದು ನನಗೆ ಅನ್ನಿಸಿತ್ತು. ನನ್ನ ಇಡೀ ಯೋಜನೆ ಈಗ ನಿಂತಿರುವುದು ಆ ಎರಡು ತಿಂಗಳುಗಳ ಮೇಲೆ.

ಏಳನೇ ಸೆಮಿಸ್ಟರನ್ನು ನಾನು ಆರಂಭದಲ್ಲೇ ಪಟ್ಟಿಯಿಂದ ತೆಗೆದೆ, ಏಕೆಂದರೆ ಅದು ಕಂಪನಿಗಳು ಕಾಲೇಜಿಗೆ ಬಂದು ಕೆಲಸಕ್ಕೆ ಆರಿಸಿಕೊಳ್ಳುವ ಪ್ಲೇಸ್‌ಮೆಂಟ್ ಸೆಮಿಸ್ಟರ್. ಆದರೆ ಆರನೆಯದಕ್ಕೆ ಹೋದರೂ ಪ್ಲೇಸ್‌ಮೆಂಟಿನ ತೊಂದರೆ ಪೂರ್ತಿಯಾಗಿ ತಪ್ಪುವುದಿಲ್ಲ. ನಮ್ಮ ಕ್ಯಾಂಪಸ್ಸಿಗೆ ಕಂಪನಿಗಳು ಜುಲೈ ಕೊನೆಯಿಂದ ಬರತೊಡಗುತ್ತವೆ. ಅಲ್ಲಿ ಬೇಸಿಗೆ ಸೆಮಿಸ್ಟರಿನ ಪರೀಕ್ಷೆಗಳು ನಡೆಯುವುದೂ ಜುಲೈ ಕೊನೆ, ಆಗಸ್ಟ್ ಮೊದಲ ವಾರಗಳಲ್ಲಿಯೇ. ಬೇಸಿಗೆಯಲ್ಲಿ ಜರ್ಮನಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದಿರುವುದರಿಂದ, ಇಲ್ಲಿ ಬೆಳಿಗ್ಗೆ 9ಕ್ಕೆ ಆರಂಭವಾಗುವ ಆನ್‌ಲೈನ್ ಪರೀಕ್ಷೆಗೆ ನಾನು ಅಲ್ಲಿ ಬೆಳಗಿನ 5.30ಕ್ಕೆ ಲ್ಯಾಪ್‌ಟಾಪಿನ ಮುಂದೆ ಕೂರಬೇಕು. ಅದನ್ನು ಮಾಡಬಹುದು. ಸಂದರ್ಶನಕ್ಕೆ ಕ್ಯಾಂಪಸ್ಸಿಗೇ ಬರಬೇಕೆನ್ನುವ ಕಂಪನಿಗಳನ್ನು ಮಾತ್ರ ಬಿಟ್ಟುಕೊಡಬೇಕಾಗುತ್ತದೆ, ಮತ್ತು ಮೊದಲ ಎರಡು ವಾರಗಳಲ್ಲಿ ಬರುವವು ಸಾಮಾನ್ಯವಾಗಿ ಹೆಚ್ಚು ಸಂಬಳ ಕೊಡುವ ಕಂಪನಿಗಳು. ಇದು ನಿಜವಾದ ನಷ್ಟ. ವಿದೇಶದಲ್ಲಿ ಓದಿದ ಅನುಭವ ಇದನ್ನು ತಾನಾಗಿಯೇ ತುಂಬಿಕೊಡುತ್ತದೆಂದು ಹೇಳುವವರ ಮಾತನ್ನು ನಾನು ನಂಬುವುದಿಲ್ಲ. ನಷ್ಟವನ್ನು ನಷ್ಟವೆಂದೇ ಬರೆದುಕೊಂಡು, ಅದು ಆದರೂ ಹೋಗಲು ಮನಸ್ಸಿದೆಯೇ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಮನಸ್ಸಿತ್ತು.

ಊರಿನ ಆಯ್ಕೆ ಇದರ ನಂತರ ಬಹುಮಟ್ಟಿಗೆ ತಾನಾಗಿಯೇ ಆಯಿತು. ಮೂರು ವಿಶ್ವವಿದ್ಯಾಲಯಗಳಲ್ಲಿ ಒಂದರಲ್ಲಿ ಬೇಸಿಗೆಯ ಪಾಠಗಳೆಲ್ಲ ಅಲ್ಲಿಯ ಭಾಷೆಯಲ್ಲಿದ್ದವು. ಇನ್ನೊಂದರಲ್ಲಿ ನಾನು ಓದಬೇಕೆಂದುಕೊಂಡಿದ್ದ ವಿಷಯಗಳು ಚಳಿಗಾಲದಲ್ಲಿ ಮಾತ್ರ ಇದ್ದವು. ಉಳಿದದ್ದು ನೈಋತ್ಯ ಜರ್ಮನಿಯ ಟ್ಯೂಬಿಂಗನ್. ನೆಕಾರ್ ನದಿಯ ದಂಡೆಯ ಈ ಊರಿನ ಜನಸಂಖ್ಯೆ ಸುಮಾರು 90 ಸಾವಿರ, ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1477ರಲ್ಲಿ. ಕಂಪ್ಯೂಟರು ಮಾಹಿತಿಯಿಂದ ತಾನೇ ಕಲಿಯುವಂತೆ ಮಾಡುವ ಮಷೀನ್ ಲರ್ನಿಂಗ್ ವಿಷಯದಲ್ಲಿ ಇಂಗ್ಲಿಷ್ ಮಾಧ್ಯಮದ ಸ್ನಾತಕೋತ್ತರ ಪದವಿ ಅಲ್ಲಿದೆ, ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಇಂಟೆಲಿಜೆಂಟ್ ಸಿಸ್ಟಮ್ಸ್ ಕೇಂದ್ರವೂ ಆ ಊರಿನಲ್ಲಿದೆ. ಸ್ನಾತಕ ಹಂತದ ಪಾಠಗಳು ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿರುವುದರಿಂದ ನಾನು ಆರಿಸಿಕೊಳ್ಳಬಹುದಾದವು ಬಹುತೇಕ ಸ್ನಾತಕೋತ್ತರ ಹಂತದವು. ಪೂರ್ವಜ್ಞಾನವಿದೆಯೆಂದು ತೋರಿಸಿದರೆ ಸೇರಿಸಿಕೊಳ್ಳುವುದಾಗಿ ಅವರು ಬರೆದರು, ನಾನು ಮೊದಲ ಎರಡು ವರ್ಷಗಳ ಗಣಿತದ ಪಠ್ಯಕ್ರಮವನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಕಳುಹಿಸಿದೆ.

ಅಲ್ಲಿಯ ಕಂಪ್ಯೂಟರ್ ಸೈನ್ಸ್ ವಿಭಾಗಕ್ಕೆ ವಿಲ್ಹೆಲ್ಮ್ ಶಿಕಾರ್ಡ್ ಅವರ ಹೆಸರಿದೆ. ಹೀಬ್ರೂ ಮತ್ತು ಖಗೋಳಶಾಸ್ತ್ರ ಕಲಿಸುತ್ತಿದ್ದ ಈ ಟ್ಯೂಬಿಂಗನ್ ಪ್ರಾಧ್ಯಾಪಕರು 1623ರಲ್ಲಿ ಖಗೋಳವಿಜ್ಞಾನಿ ಕೆಪ್ಲರ್ ಅವರಿಗೆ ಬರೆದ ಪತ್ರದಲ್ಲಿ, ಆರು ಅಂಕಿಗಳವರೆಗಿನ ಸಂಖ್ಯೆಗಳನ್ನು ಕೂಡುವ ಮತ್ತು ಕಳೆಯುವ ಯಂತ್ರವೊಂದನ್ನು ವಿವರಿಸಿದ್ದರು. ಉತ್ತರ ಆರು ಅಂಕಿಗಳನ್ನು ಮೀರಿದರೆ ಆ ಯಂತ್ರದಲ್ಲಿ ಒಂದು ಗಂಟೆ ಬಾರಿಸುತ್ತಿತ್ತಂತೆ. ಓವರ್‌ಫ್ಲೋ ಆದದ್ದು ತಿಳಿಯದೆ ಸಿ ಪ್ರೋಗ್ರಾಮಿನ ಮುಂದೆ ಒಂದು ರಾತ್ರಿ ಪೂರ್ತಿ ಕಳೆದ ನನಗೆ ಆ ಗಂಟೆಯ ಮೇಲೆ ವಿಶೇಷ ಗೌರವವಿದೆ. ಕನ್ನಡಿಗರಿಗೂ ಈ ಊರು ಪೂರ್ತಿ ಅಪರಿಚಿತವಲ್ಲ. ನಿಘಂಟಿನ ಕಿಟ್ಟೆಲ್ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ, ಅವರು 1903ರಲ್ಲಿ ತೀರಿಕೊಂಡದ್ದೂ ಇದೇ ಊರಿನಲ್ಲಿ. ಅರ್ಜಿಯೊಂದಿಗೆ ಕಳುಹಿಸುವ ಉದ್ದೇಶಪತ್ರದ ಮೊದಲ ಕರಡಿನಲ್ಲಿ ನಾನು ಇದನ್ನೆಲ್ಲ ಒಂದು ಪ್ಯಾರಾ ಬರೆದಿದ್ದೆ. ನಮ್ಮ ಮಾರ್ಗದರ್ಶಕರು ಅದರ ಮೇಲೆ ಗೆರೆ ಎಳೆದು, ‘ನೀನು ಅರ್ಜಿ ಹಾಕುತ್ತಿರುವುದು ಕನ್ನಡ ಅಧ್ಯಯನ ಪೀಠಕ್ಕಲ್ಲ, ಆ ಜಾಗದಲ್ಲಿ ಯಾವ ಯಾವ ಕೋರ್ಸ್, ಏಕೆ ಎಂದು ಬರಿ’ ಎಂದರು. ಅವರ ಮಾತು ಸರಿಯಾಗಿತ್ತು. ಉದ್ದೇಶಪತ್ರವನ್ನು ಓದುವವರಿಗೆ ಬೇಕಾದದ್ದು ನಾವು ಆ ಸೆಮಿಸ್ಟರನ್ನು ನಿಭಾಯಿಸುತ್ತೇವೆಯೇ ಎಂಬುದು.

ಇನ್ನು ಕ್ರೆಡಿಟ್‌ಗಳ ವಿಷಯ. ಯುರೋಪಿನ ವಿಶ್ವವಿದ್ಯಾಲಯಗಳು ಬಳಸುವ ಇಸಿಟಿಎಸ್ ಎಂಬ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್, ವರ್ಷಕ್ಕೆ 60. ಜರ್ಮನಿಯಲ್ಲಿ ಒಂದು ಕ್ರೆಡಿಟ್ ಎಂದರೆ ತರಗತಿ, ಮನೆಗೆಲಸ, ಪರೀಕ್ಷೆಯ ಓದು ಎಲ್ಲ ಸೇರಿ 30 ಗಂಟೆಗಳ ಶ್ರಮ. ನಮ್ಮಲ್ಲಿ ಕ್ರೆಡಿಟ್ ಲೆಕ್ಕ ಹಾಕುವುದು ತರಗತಿಯ ಗಂಟೆಗಳ ಮೇಲೆ: ವಾರಕ್ಕೆ ಒಂದು ಗಂಟೆ ಪಾಠಕ್ಕೆ ಒಂದು ಕ್ರೆಡಿಟ್, ಎರಡು ಗಂಟೆ ಲ್ಯಾಬಿಗೆ ಒಂದು ಕ್ರೆಡಿಟ್. ಒಂದು ಕಡೆ ವಿದ್ಯಾರ್ಥಿ ದುಡಿಯುವ ಹೊತ್ತನ್ನು ಅಳೆಯುತ್ತಾರೆ, ಇನ್ನೊಂದು ಕಡೆ ಅಧ್ಯಾಪಕರು ಕಲಿಸುವ ಹೊತ್ತನ್ನು. ಆದ್ದರಿಂದ ಇವೆರಡರ ನಡುವೆ ಸಹಜವಾದ ವಿನಿಮಯ ದರವೆಂಬುದು ಇಲ್ಲ, ಒಪ್ಪಂದದಿಂದ ಮಾಡಿಕೊಳ್ಳಬೇಕು. ನಮ್ಮ ನಾಲ್ಕು ವರ್ಷದ ಬಿಇ ಪದವಿಗೆ 160 ಕ್ರೆಡಿಟ್, ಅಲ್ಲಿಯ ನಾಲ್ಕು ವರ್ಷಕ್ಕೆ 240 ಎಂಬ ಆಧಾರದ ಮೇಲೆ, ಅಲ್ಲಿಯ ಒಂದೂವರೆ ಕ್ರೆಡಿಟಿಗೆ ಇಲ್ಲಿಯ ಒಂದು ಎಂದು ನಮ್ಮ ವಿಭಾಗ ಒಪ್ಪಿಕೊಂಡಿತು. ಈ ಒಂದು ಸಾಲನ್ನು ಬರವಣಿಗೆಯಲ್ಲಿ ಪಡೆಯುವುದು ಬಹಳ ಮುಖ್ಯ. ಬಾಯಿಮಾತಿನಲ್ಲಿ ಒಪ್ಪಿಕೊಂಡವರು ನಾವು ಮರಳುವಷ್ಟರಲ್ಲಿ ಅದೇ ಕುರ್ಚಿಯಲ್ಲಿ ಇರುತ್ತಾರೆಂಬ ಖಾತರಿಯಿಲ್ಲ.

ನಮ್ಮ ಆರನೇ ಸೆಮಿಸ್ಟರಿನಲ್ಲಿ 20 ಕ್ರೆಡಿಟ್‌ಗಳಿವೆ. ಮಷೀನ್ ಲರ್ನಿಂಗಿಗೆ 4, ಅದರ ಲ್ಯಾಬಿಗೆ 1, ಕಂಪೈಲರ್ ಡಿಸೈನಿಗೆ 4, ನಾವೇ ಆರಿಸಿಕೊಳ್ಳುವ ಪ್ರೊಫೆಷನಲ್ ಎಲೆಕ್ಟಿವ್ ಮತ್ತು ಓಪನ್ ಎಲೆಕ್ಟಿವ್‌ಗಳಿಗೆ ತಲಾ 3, ಪ್ರಾಜೆಕ್ಟಿನ ಮೊದಲ ಹಂತಕ್ಕೆ 3, ಕೌಶಲದ ಕೋರ್ಸೊಂದಕ್ಕೆ 2. ನಾನು ಮಾಡಿದ ಮೊದಲ ತಪ್ಪು, ಅಲ್ಲಿಯ ಕೋರ್ಸುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಚೆನ್ನಾಗಿ ಕಂಡದ್ದನ್ನೆಲ್ಲ ಬರೆದುಕೊಳ್ಳುತ್ತಾ ಹೋದದ್ದು. ಹತ್ತು ಕೋರ್ಸುಗಳು ಸೇರಿದವು. ಅವುಗಳಲ್ಲಿ ಏಳಕ್ಕೆ ಇಲ್ಲಿ ಸರಿಸಮಾನವಾದದ್ದು ಏನೂ ಇರಲಿಲ್ಲ. ನಂತರ ದಾರಿಯನ್ನು ತಿರುಗಿಸಿ, ಇಲ್ಲಿಯ ಪಟ್ಟಿಯ ಪ್ರತಿಯೊಂದು ಸಾಲಿಗೂ ಮೂರು ಪ್ರಶ್ನೆ ಕೇಳಿಕೊಂಡೆ: ಇದು ಅಲ್ಲಿ ದೊರೆಯುತ್ತದೆಯೇ, ದೊರೆಯದಿದ್ದರೆ ಹೊರಡುವ ಮೊದಲು ಮುಗಿಸಬಹುದೇ, ಅದೂ ಆಗದಿದ್ದರೆ ಮರಳಿದ ಮೇಲೆ ಮಾಡಬಹುದೇ?

ಮಷೀನ್ ಲರ್ನಿಂಗ್ ಸುಲಭವಾಗಿ ಕೂತಿತು. ಅಲ್ಲಿಯ 9 ಕ್ರೆಡಿಟಿನ ಕೋರ್ಸಿನಲ್ಲಿ ಪ್ರತಿ ವಾರ ಪೈಥಾನ್ ಅಭ್ಯಾಸವೂ ಇರುವುದರಿಂದ ಪಾಠ ಮತ್ತು ಲ್ಯಾಬ್ ಎರಡಕ್ಕೂ ಅದೊಂದೇ ಸಾಕೆಂದು ನಮ್ಮ ವಿಭಾಗದವರು ಒಪ್ಪಿಕೊಂಡರು. ಪ್ರೊಫೆಷನಲ್ ಎಲೆಕ್ಟಿವ್ ಬದಲಿಗೆ 6 ಕ್ರೆಡಿಟಿನ ಇನ್ನೊಂದು ಕೋರ್ಸ್. ಓಪನ್ ಎಲೆಕ್ಟಿವನ್ನು ನಿಯಮದಂತೆ ಬೇರೆ ವಿಭಾಗದಿಂದ ಆರಿಸಿಕೊಳ್ಳಬೇಕು. ವಿನಿಮಯ ವಿದ್ಯಾರ್ಥಿಗಳಿಗೆಂದು ನಡೆಸುವ 6 ಕ್ರೆಡಿಟಿನ ಜರ್ಮನ್ ಭಾಷಾ ಕೋರ್ಸನ್ನು ಅದರ ಜಾಗದಲ್ಲಿ ತೋರಿಸಿದೆ, ಯಾರೂ ತಕರಾರು ಮಾಡಲಿಲ್ಲ. ಒಟ್ಟು 21 ಇಸಿಟಿಎಸ್. ಒಂದೂವರೆಯಿಂದ ಭಾಗಿಸಿದರೆ ನಮ್ಮ 14 ಕ್ರೆಡಿಟ್ ಆಗಬೇಕು, ಆದರೆ ಕೋರ್ಸಿಗೆ ಕೋರ್ಸ್ ಹೊಂದಿಸಿದಾಗ ಲೆಕ್ಕಕ್ಕೆ ಸಿಗುವುದು 11 ಮಾತ್ರ. ಮಿಕ್ಕ ಮೂರು ಕ್ರೆಡಿಟ್ ಎಲ್ಲಿಗೆ ಹೋಯಿತೆಂದು ಕೇಳಿದ್ದಕ್ಕೆ, ‘ಜ್ಞಾನ ಎಲ್ಲಿಗೂ ಹೋಗುವುದಿಲ್ಲವಲ್ಲ’ ಎಂಬ ಉತ್ತರ ಬಂತು.

30 ಕ್ರೆಡಿಟ್ ತೆಗೆದುಕೊಳ್ಳಲು ಅವಕಾಶವಿದ್ದರೂ ನಾನು 21ಕ್ಕೆ ನಿಲ್ಲಿಸಿದ್ದೇನೆ. 21ನ್ನು 30ರಿಂದ ಗುಣಿಸಿದರೆ 630 ಗಂಟೆ. ತರಗತಿಯ ವಾರಗಳನ್ನೂ ಪರೀಕ್ಷೆಯ ವಾರಗಳನ್ನೂ ಸೇರಿಸಿ 16 ವಾರವೆಂದು ಹಿಡಿದರೆ ವಾರಕ್ಕೆ ಸುಮಾರು 40 ಗಂಟೆಯಾಗುತ್ತದೆ. ಇದರ ಮೇಲೆ ಅಡುಗೆ, ಬಟ್ಟೆ, ಸರ್ಕಾರಿ ಕಚೇರಿಗಳ ಓಡಾಟ, ಬೆಳಗಿನ 5.30ರ ಪ್ಲೇಸ್‌ಮೆಂಟ್ ಪರೀಕ್ಷೆ.

ಕಂಪೈಲರ್ ಡಿಸೈನ್ ಮಾತ್ರ ಯಾವ ಕಡೆಯಿಂದಲೂ ಹೊಂದಲಿಲ್ಲ. ಕೊನೆಗೆ ಅದನ್ನು ಎಂಟನೇ ಸೆಮಿಸ್ಟರಿನಲ್ಲಿ, ನಮ್ಮ ಜೂನಿಯರ್‌ಗಳು ಅದೇ ವಿಷಯವನ್ನು ಓದುವಾಗ ಅವರ ಜೊತೆ ಕೂತು ಮುಗಿಸುವುದೆಂದು ತೀರ್ಮಾನವಾಯಿತು. ಗೆಳತಿಯರೆಲ್ಲ ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್ ಮಾಡುವ ದಿನಗಳಲ್ಲಿ ನಾನು ವಾರಕ್ಕೆ ನಾಲ್ಕು ಗಂಟೆಗಾಗಿ ಮೈಸೂರಿನಲ್ಲಿ ಉಳಿಯಬೇಕು. ಪ್ರಾಜೆಕ್ಟಿನ ಮೊದಲ ಹಂತವನ್ನು ನಮ್ಮ ನಾಲ್ವರ ತಂಡ ಫೆಬ್ರವರಿ–ಮಾರ್ಚಿನಲ್ಲೇ ಸಾಧ್ಯವಾದಷ್ಟು ಮುಗಿಸಲಿದೆ, ಕೊನೆಯ ಪರಿಶೀಲನೆಗೆ ನಾನು ಆನ್‌ಲೈನಿನಲ್ಲಿ ಬರುತ್ತೇನೆ. ಉಳಿದದ್ದು 2 ಕ್ರೆಡಿಟಿನ ಕೌಶಲದ ಕೋರ್ಸ್. ಅದನ್ನು ಎನ್‌ಪಿಟಿಇಎಲ್ ಎಂಬ, ಐಐಟಿಗಳ ಆನ್‌ಲೈನ್ ಪಾಠಗಳ ವೇದಿಕೆಯ ಮೂಲಕ ಮಾಡಬಹುದೆಂದರು. ನಾನು ಉತ್ಸಾಹದಿಂದ 12 ವಾರದ ಕೋರ್ಸಿಗೆ ಹೆಸರು ಬರೆಸಿಬಿಟ್ಟೆ. ಪಾಠ ಆನ್‌ಲೈನಾದರೂ ಅದರ ಪರೀಕ್ಷೆಯನ್ನು ಭಾರತದ ಪರೀಕ್ಷಾ ಕೇಂದ್ರದಲ್ಲೇ ಕೂತು ಬರೆಯಬೇಕು, ಮತ್ತು ಜನವರಿಯಲ್ಲಿ ಆರಂಭವಾಗುವ 12 ವಾರದ ಕೋರ್ಸುಗಳ ಪರೀಕ್ಷೆ ಏಪ್ರಿಲಿನಲ್ಲಿ, ನಾನು ಟ್ಯೂಬಿಂಗನ್ನಿನಲ್ಲಿರುವ ಹೊತ್ತಿನಲ್ಲಿ ಎಂಬುದನ್ನು ಹಾಸ್ಟೆಲ್ಲಿನ ಪಕ್ಕದ ಕೋಣೆಯ ಗೆಳತಿ ತೋರಿಸಿಕೊಟ್ಟಳು. 8 ವಾರದ ಕೋರ್ಸುಗಳ ಪರೀಕ್ಷೆ ಮಾರ್ಚಿನಲ್ಲೇ ಮುಗಿಯುತ್ತದೆ, ಅವುಗಳ ಬೆಲೆ ಸರಿಯಾಗಿ 2 ಕ್ರೆಡಿಟ್. ನೋಂದಣಿಯ ಕೊನೆಯ ದಿನಕ್ಕೆ ಎರಡು ದಿನವಿದ್ದಾಗ ಬದಲಾಯಿಸಿಕೊಂಡೆ. ಅಲ್ಲಿಗೆ 11, 3, 2, ಮುಂದಕ್ಕೆ ಹಾಕಿದ 4 ಸೇರಿ 20.

ಹಾಳೆಯ ಮೇಲೆ ಲೆಕ್ಕ ಸರಿಯಾದ ಮಾತ್ರಕ್ಕೆ ಸಹಿ ಬೀಳುವುದಿಲ್ಲ. ಆಪರೇಟಿಂಗ್ ಸಿಸ್ಟಮ್ಸ್ ಓದುವಾಗ, ಪ್ರೋಗ್ರಾಮುಗಳು ಒಂದು ಇನ್ನೊಂದಕ್ಕಾಗಿ ಕಾಯುತ್ತಾ ಎಲ್ಲವೂ ನಿಂತುಬಿಡುವ ಡೆಡ್‌ಲಾಕ್ ಉಂಟಾಗಲು ನಾಲ್ಕು ಷರತ್ತುಗಳು ಬೇಕೆಂದು ಬಾಯಿಪಾಠ ಮಾಡಿದ್ದೆ. ಅವುಗಳನ್ನು ಕಣ್ಣಾರೆ ಕಂಡದ್ದು ನವೆಂಬರಿನಲ್ಲಿ. ಕೋರ್ಸುಗಳ ಒಪ್ಪಂದಪತ್ರಕ್ಕೆ ನಮ್ಮ ಕಾಲೇಜಿನ ಸಹಿಯಿಲ್ಲದೆ ಅಲ್ಲಿಯ ಅರ್ಜಿ ಪೂರ್ಣವಾಗುವುದಿಲ್ಲ. ಅಲ್ಲಿಂದ ಪ್ರವೇಶಪತ್ರ ಬಾರದೆ ಇಲ್ಲಿಯ ಪರೀಕ್ಷಾ ವಿಭಾಗ ಕಡತ ತೆರೆಯುವುದಿಲ್ಲ. ಪರೀಕ್ಷಾ ವಿಭಾಗದ ಒಪ್ಪಿಗೆಯಿಲ್ಲದೆ ವಿಭಾಗದ ಮುಖ್ಯಸ್ಥರು ಸಹಿ ಮಾಡುವ ಹಾಗಿಲ್ಲ. ಅಧ್ಯಯನ ಮಂಡಳಿ ಒಪ್ಪಿದರೆ ಎಲ್ಲವೂ ಸರಿಹೋಗುತ್ತದೆ, ಆದರೆ ಮಂಡಳಿ ಸೇರುವುದು ವರ್ಷಕ್ಕೆ ಎರಡು ಸಲ, ಮುಂದಿನ ಸಭೆ ಡಿಸೆಂಬರಿನಲ್ಲಿ. ಪ್ರತಿಯೊಬ್ಬರೂ ತಮ್ಮ ಪಾಲಿನ ನಿಯಮವನ್ನು ಹಿಡಿದುಕೊಂಡು ಇನ್ನೊಬ್ಬರು ಬಿಡಲೆಂದು ಕಾಯುತ್ತಿದ್ದರು, ಯಾರ ಮೇಲೂ ತಪ್ಪು ಹೊರಿಸುವ ಹಾಗಿರಲಿಲ್ಲ. ಹದಿನೇಳು ದಿನ ಹೀಗೆ ಕಳೆದ ಮೇಲೆ ನಮ್ಮ ವಿಭಾಗದ ಮುಖ್ಯಸ್ಥೆಯಾದ ಎಚ್‌ಒಡಿ ಮೇಡಂ ಒಂದು ಸಂಜೆ ನನ್ನನ್ನು ಕರೆದು, ‘ಮಂಡಳಿಯ ಅನುಮೋದನೆಗೆ ಒಳಪಟ್ಟು’ ಎಂಬ ಮೂರು ಪದಗಳನ್ನು ಟೈಪ್ ಮಾಡಿಸಿ, ಅದರ ಕೆಳಗೆ ಸಹಿ ಮಾಡಿ ಮೊಹರು ಹಾಕಿಕೊಟ್ಟರು. ಅರ್ಜಿಯ ಗಡುವಿಗೆ ಆಗ ಐದು ದಿನಗಳಿದ್ದವು. ಆ ಮೂರು ಪದಗಳನ್ನು ಮೊದಲ ದಿನವೇ ಕೇಳಬಹುದಿತ್ತೆಂದು ನನಗೆ ಗೊತ್ತಿರಲಿಲ್ಲ. ಮುಂದೆ ಹೋಗುವವರು ಕೇಳಿರಿ.

ಅಂಕಗಳ ಪರಿವರ್ತನೆಯನ್ನೂ ಹೊರಡುವ ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಉತ್ತೀರ್ಣದ ಗಡಿ, 5.0 ಅನುತ್ತೀರ್ಣ. ಹೊರದೇಶದ ಅಂಕಗಳನ್ನು ಅಲ್ಲಿಯದಕ್ಕೆ ಬದಲಿಸಲು ಅವರು ಬಳಸುವ ಪರಿಷ್ಕೃತ ಬವೇರಿಯನ್ ಸೂತ್ರದ ಪ್ರಕಾರ, ಗರಿಷ್ಠ ಅಂಕದಿಂದ ನಮ್ಮ ಅಂಕವನ್ನು ಕಳೆದು, ಗರಿಷ್ಠಕ್ಕೂ ಉತ್ತೀರ್ಣದ ಅಂಕಕ್ಕೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸಬೇಕು. ಹತ್ತಕ್ಕೆ 8.2 ಇರುವ ನನ್ನ ಸಿಜಿಪಿಎ (ಎಲ್ಲ ಸೆಮಿಸ್ಟರುಗಳ ಸರಾಸರಿ ಅಂಕ), ಉತ್ತೀರ್ಣಕ್ಕೆ 4 ಎಂದು ಹಿಡಿದರೆ, ಅಲ್ಲಿ 1.9 ಆಗುತ್ತದೆ. ಅದೇ ಸೂತ್ರವನ್ನು ಹಿಂದುಮುಂದಾಗಿಸಿದರೆ ಅಲ್ಲಿಯ 2.0ಕ್ಕೆ ಇಲ್ಲಿ 8, 3.0ಕ್ಕೆ 6. ನೋಡಲು ಅಂದವಾದ ಲೆಕ್ಕವೇ, ಆದರೆ ಅಲ್ಲಿ 2.7 ಬಂದರೆ ಇಲ್ಲಿ 6.6 ಎಂದು ದಾಖಲಾಗುತ್ತದೆ. ಇನ್ನೂ ಒಂದೂವರೆ ವರ್ಷ ಓದುವುದಿರುವವರು ಇದನ್ನು ತಾಳಿಕೊಳ್ಳಬಹುದು. ಸಿಜಿಪಿಎ 7ರ ಗಡಿಯಲ್ಲಿದ್ದು, ಪ್ಲೇಸ್‌ಮೆಂಟಿಗೆ 7 ಬೇಕೆನ್ನುವ ಕಂಪನಿಗಳ ಮೇಲೆ ಕಣ್ಣಿಟ್ಟಿರುವವರು ಎರಡು ಸಲ ಯೋಚಿಸಬೇಕು.

ಅಲ್ಲಿಯ ಪಾಠದ ಮಟ್ಟವನ್ನು ತಿಳಿಯಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಟ್ಯೂಬಿಂಗನ್ನಿನ ಮಷೀನ್ ಲರ್ನಿಂಗ್ ಪ್ರಾಧ್ಯಾಪಕರು 2020ರಲ್ಲಿ ಮಾಡಿದ ಉಪನ್ಯಾಸಗಳು ಯೂಟ್ಯೂಬಿನಲ್ಲಿವೆ. ದಸರಾ ರಜೆಯಲ್ಲಿ ನಾನು ಪ್ರಾಬಬಿಲಿಸ್ಟಿಕ್ ಮಷೀನ್ ಲರ್ನಿಂಗಿನ ಮೊದಲ ಆರು ಉಪನ್ಯಾಸಗಳನ್ನು ನೋಡಿದೆ. ಮೊದಲನೆಯದು ಅರ್ಥವಾಯಿತು, ಮೂರನೆಯದನ್ನು ಎರಡು ಸಲ ನೋಡಿದೆ, ಐದನೆಯದರಲ್ಲಿ ನಿಲ್ಲಿಸಿ, ಎರಡನೇ ವರ್ಷದ ಸಂಭವನೀಯತೆಯ ಟಿಪ್ಪಣಿಗಳನ್ನು ಅಟ್ಟದಿಂದ ಇಳಿಸಿದೆ. ನಮ್ಮ ಪರೀಕ್ಷೆಗಳಲ್ಲಿ ಸಂಭವನೀಯತೆ ಎಂದರೆ ಸೂತ್ರಕ್ಕೆ ಸಂಖ್ಯೆ ಹಾಕುವ ಹತ್ತು ಅಂಕದ ಪ್ರಶ್ನೆ. ಅಲ್ಲಿ ಅದು ಮಾತನಾಡುವ ಭಾಷೆ. ಈ ಮೂರು ತಿಂಗಳು ದಿನಕ್ಕೆ ಒಂದು ಗಂಟೆಯನ್ನು ಲೀನಿಯರ್ ಆಲ್ಜೀಬ್ರಾ ಮತ್ತು ಸಂಭವನೀಯತೆಗೆ ಮೀಸಲಿಟ್ಟಿದ್ದೇನೆ, ಮತ್ತು ಇಡೀ ತಯಾರಿಯಲ್ಲಿ ನನಗೆ ಅತ್ಯಂತ ಉಪಯುಕ್ತವೆನ್ನಿಸಿರುವುದು ಇದೇ. ಪರೀಕ್ಷೆಯ ಕ್ರಮವೂ ಬೇರೆ. ಇಲ್ಲಿ ಇಂಟರ್ನಲ್ಸ್‌ನ 50 ಅಂಕಗಳು ಸೆಮಿಸ್ಟರಿನ ಉದ್ದಕ್ಕೂ ನಮ್ಮನ್ನು ಎತ್ತಿ ಹಿಡಿಯುತ್ತವೆ. ಅಲ್ಲಿ ಸಾಮಾನ್ಯವಾಗಿ ಕೊನೆಯ ಒಂದು ಪರೀಕ್ಷೆಯೇ ಎಲ್ಲ. ವಾರವಾರದ ಅಭ್ಯಾಸ ಹಾಳೆಗಳಲ್ಲಿ ಅರ್ಧದಷ್ಟು ಅಂಕ ಬಂದರೆ ಪರೀಕ್ಷೆಗೆ ಕೂರಲು ಅರ್ಹತೆ ಎಂಬ ನಿಯಮ ಹಲವು ಕೋರ್ಸುಗಳಲ್ಲಿದೆ. ಪರೀಕ್ಷೆಗೆ ಪ್ರತ್ಯೇಕವಾಗಿ ಹೆಸರು ನೋಂದಾಯಿಸಬೇಕು. ತರಗತಿಗೆ ಬಂದವರೆಲ್ಲ ತಾವಾಗಿಯೇ ಪರೀಕ್ಷೆಗೂ ಬರುತ್ತಾರೆಂದು ಅಲ್ಲಿ ಯಾರೂ ಭಾವಿಸುವುದಿಲ್ಲ.

ಜರ್ಮನ್ ಭಾಷೆಯ ಎ1 ಎಂಬ ಮೊದಲ ಹಂತವನ್ನು ಆನ್‌ಲೈನಿನಲ್ಲಿ ಕಲಿಯುತ್ತಿದ್ದೇನೆ. ಕನ್ನಡ ಬಲ್ಲವರಿಗೆ ಅದರಲ್ಲಿ ಒಂದು ಕಷ್ಟವಿದೆ, ಒಂದು ಸುಖವಿದೆ. ಕಷ್ಟವೆಂದರೆ ಲಿಂಗ: ನಮ್ಮಲ್ಲಿ ಅದು ಅರ್ಥವನ್ನು ಅನುಸರಿಸುತ್ತದೆ, ಅಲ್ಲಿ ಹುಡುಗಿ ಎಂಬ ಪದವೇ ನಪುಂಸಕಲಿಂಗ. ಸುಖವೆಂದರೆ ‘ಏಕೆಂದರೆ’ ಎಂದು ಆರಂಭವಾಗುವ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ. ಇಂಗ್ಲಿಷ್ ಮೂಲಕ ಕಲಿಯುವವರು ಇದನ್ನು ದೊಡ್ಡ ನಿಯಮವೆಂದು ಉರುಹೊಡೆಯುವಾಗ, ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೆ ಕಾಯುವ ಅಭ್ಯಾಸ ನಮಗೆ ಹುಟ್ಟಿನಿಂದಲೇ ಇದೆ.

ಹಣದ ಮಾತಿಗೆ ಬರುತ್ತೇನೆ. ಟ್ಯೂಬಿಂಗನ್ ಇರುವ ಬಾಡನ್–ವ್ಯೂರ್ಟೆಂಬರ್ಗ್ ರಾಜ್ಯ 2017ರ ಚಳಿಗಾಲದಿಂದ ಯುರೋಪಿನ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1,500 ಯೂರೊ ಶುಲ್ಕ ವಿಧಿಸುತ್ತದೆ. ವಿನಿಮಯ ವಿದ್ಯಾರ್ಥಿಗಳಿಗೆ ಅದರಿಂದ ವಿನಾಯಿತಿಯಿದೆ. ದೊಡ್ಡ ಮೊತ್ತ ಬೇಕಾಗುವುದು ಜೀವನ ವೆಚ್ಚಕ್ಕೆ. ವೀಸಾ ಪಡೆಯಲು, ನಮ್ಮನ್ನು ನಾವು ಸಾಕಿಕೊಳ್ಳಬಲ್ಲೆವೆಂದು ತೋರಿಸಲು, ಬ್ಲಾಕ್ಡ್ ಅಕೌಂಟ್ ಎಂಬ ಖಾತೆಯಲ್ಲಿ ಹಣವಿಡಬೇಕು. 2024ರ ಸೆಪ್ಟೆಂಬರಿನಲ್ಲಿ ಇದನ್ನು ತಿಂಗಳಿಗೆ 992 ಯೂರೊಗೆ ಏರಿಸಿದರು. ಆರು ತಿಂಗಳಿಗೆ 5,952 ಯೂರೊ, ಅಂದರೆ ಹತ್ತಿರ ಹತ್ತಿರ ಆರು ಲಕ್ಷ ರೂಪಾಯಿ. ಹಣ ನಮ್ಮದೇ, ಆದರೆ ಅಲ್ಲಿಗೆ ಹೋದ ಮೇಲೆ ತಿಂಗಳಿಗೊಂದು ಕಂತಿನಂತೆ ಮಾತ್ರ ಕೈಗೆ ಬರುತ್ತದೆ.

ಇದನ್ನು ಅಪ್ಪನಿಗೆ ವಿವರಿಸುವುದು ಹೇಗೆಂದು ನಾನು ಬಹಳ ಯೋಚಿಸಿದ್ದೆ. ನಮ್ಮದು ತಿಪಟೂರಿನ ಕಡೆಯ ತೆಂಗಿನ ತೋಟ. ಕೊಬ್ಬರಿ ಮಾಡಲು ಬಲಿತ ಕಾಯಿಯನ್ನು ಅಟ್ಟಕ್ಕೆ ಏರಿಸಿದರೆ ಸುಮಾರು ಹತ್ತು ತಿಂಗಳು ಅದನ್ನು ಮುಟ್ಟುವ ಹಾಗಿಲ್ಲ. ನಾನು ಅರ್ಧ ಹೇಳುವಷ್ಟರಲ್ಲಿ ಅಪ್ಪ, ‘ಅಟ್ಟದ ಮೇಲಿನ ಕೊಬ್ಬರಿ ಇದ್ದಂಗೆ ಬಿಡಮ್ಮ. ಇರೋದು ನಮ್ಮದೇ, ಬೇಕಂದಾಗ ಇಳಿಸಂಗಿಲ್ಲ’ ಎಂದರು. ಹಣ ಬಂದದ್ದೂ ಬಹುಪಾಲು ಕೊಬ್ಬರಿಯಿಂದಲೇ. ಉಳಿದದ್ದಕ್ಕೆ ಅಮ್ಮನ ಎರಡು ಬಳೆಗಳು ಸಹಕಾರ ಸಂಘದಲ್ಲಿವೆ. ಶಿಕ್ಷಣ ಸಾಲಕ್ಕೆ ಹೋದ ಬ್ಯಾಂಕಿನಲ್ಲಿ, ಪದವಿ ಇಲ್ಲಿಯದು, ಓದು ಅಲ್ಲಿಯದು, ಇದು ಯಾವ ಯೋಜನೆಯ ಕೆಳಗೂ ಬರುವುದಿಲ್ಲವೆಂದು ಹೇಳಿ ಕಳುಹಿಸಿದ್ದರು. ಒಂದು ಸಮಾಧಾನವೆಂದರೆ, 2025ರ ಏಪ್ರಿಲಿನಿಂದ ವರ್ಷಕ್ಕೆ 10 ಲಕ್ಷದ ಒಳಗೆ ಹೊರದೇಶಕ್ಕೆ ಕಳುಹಿಸುವ ಹಣದ ಮೇಲೆ ಟಿಸಿಎಸ್ (ಹಣ ಕಳುಹಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ತೆರಿಗೆ) ಇಲ್ಲ.

ಇದಲ್ಲದೆ ಸರ್ಕಾರಿ ಆರೋಗ್ಯ ವಿಮೆಗೆ ತಿಂಗಳಿಗೆ ಸುಮಾರು 150 ಯೂರೊ, ವೀಸಾ ಶುಲ್ಕ 75 ಯೂರೊ, ವಿಮಾನದ ಟಿಕೆಟ್. ರೇಡಿಯೊ–ಟಿವಿ ವಂತಿಗೆಯೆಂದು ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೊ ಕೊಡಬೇಕು. ಟಿವಿ ಇಲ್ಲದವರೂ ಕೊಡಬೇಕು, ಹಂಚಿಕೊಂಡ ಮನೆಯಲ್ಲಿದ್ದರೆ ಎಲ್ಲರೂ ಸೇರಿ ಒಂದನ್ನು ಕೊಟ್ಟರೆ ಸಾಕು. ವಸತಿಗೆ ವಾಲ್ಡ್‌ಹಾಯ್ಸರ್ ಓಸ್ಟ್ ಎಂಬ ಬಡಾವಣೆಯ ವಿದ್ಯಾರ್ಥಿ ನಿಲಯದಲ್ಲಿ ಒಂದು ಕೋಣೆ ಸಿಕ್ಕಿದೆ. ಆ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಎಲ್ಲರೂ ಅದನ್ನು ಡಬ್ಲ್ಯುಎಚ್‌ಒ ಎಂದು ಕರೆಯುತ್ತಾರೆ. ನಾನು ಅಲ್ಲಿರುತ್ತೇನೆಂದು ಅಜ್ಜಿಗೆ ಹೇಳಿದ್ದನ್ನು ಕೇಳಿಸಿಕೊಂಡ ಪಕ್ಕದ ಮನೆಯವರು, ನನಗೆ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಕೆಲಸ ಸಿಕ್ಕಿದೆಯೆಂದು ತಿಳಿದು ಬಾಳೆಗೊನೆ ಕಳುಹಿಸಿದ್ದರು. ಕೋಣೆ ಸೇರಿದ ಎರಡು ವಾರದೊಳಗೆ ಪುರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು.

ಏಪ್ರಿಲ್ ಮೊದಲ ವಾರದ ಟಿಕೆಟ್ ನೋಡಿಟ್ಟಿದ್ದೇನೆ, ವೀಸಾ ಬಂದ ಮೇಲೆ ಕೊಳ್ಳುತ್ತೇನೆ. ಅಮ್ಮ ಈಗಾಗಲೇ ಕಟ್ಟಬೇಕಾದ ಸಾಮಾನಿನ ಪಟ್ಟಿ ಬರೆಯತೊಡಗಿದ್ದಾರೆ, ಅದರಲ್ಲಿ ಮೊದಲನೆಯದು ಎರಡು ಕಿಲೊ ತುಪ್ಪ. ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಯುರೋಪಿನ ಒಕ್ಕೂಟದೊಳಕ್ಕೆ ಒಯ್ಯುವಂತಿಲ್ಲವೆಂದು ನಾನು ಹೇಳಿದಾಗ ಅವರು ನಂಬಲಿಲ್ಲ, ಅಪ್ಪ ನಿಯಮವನ್ನು ಪೂರ್ತಿ ಓದಿ ಹೇಳೆಂದರು. ಹಣ್ಣು, ತರಕಾರಿಗಳಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಆದರೆ ಐದು ಹಣ್ಣುಗಳಿಗೆ ವಿನಾಯಿತಿಯಿದೆ ಎಂದು ಓದುತ್ತಾ ಹೋದೆ: ಅನಾನಸ್, ಬಾಳೆ, ಖರ್ಜೂರ, ಡ್ಯೂರಿಯನ್, ತೆಂಗಿನಕಾಯಿ. ಅಪ್ಪ ಏನೂ ಹೇಳದೆ ಎದ್ದುಹೋಗಿ ಅಟ್ಟಕ್ಕೆ ಏಣಿ ಹಾಕಿದರು.